ಹವಾಮಾನದ ಅಂಕಿ, ನೀರಿನ ಪಾಳಿ

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸು. ಅದೇ ನೆಲದಿಂದ ಬಿಸಿಲು, ಗಾಳಿ ಎಳೆದುಕೊಳ್ಳಬಲ್ಲ ನೀರು ಅದರ ಎರಡು ಪಟ್ಟಿಗೂ ಹೆಚ್ಚು. ಮೊದಲನೆಯ ಅಂಕಿ ಎಲ್ಲರ ಬಾಯಲ್ಲೂ ಇದೆ. ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಬರ ಘೋಷಣೆಗೆ ಆಧಾರವಾಗುತ್ತದೆ, ಬೆಳೆ ವಿಮೆಯ ಹಣವನ್ನು ನಿರ್ಧರಿಸುತ್ತದೆ. ಎರಡನೆಯದು ಹಿಟ್ಟಿನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರದಂಥ ಕೆಲವೇ ಜಾಗಗಳ ದಾಖಲೆ ಪುಸ್ತಕದಲ್ಲಿ ಉಳಿದುಕೊಂಡಿದೆ. ಹೊಲಕ್ಕೆ ಎಷ್ಟು ನೀರು ಬಿಡಬೇಕು ಎಂದು ಹೇಳುವುದು ಮಾತ್ರ ಆ ಎರಡನೆಯ ಅಂಕಿಯೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಈ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ (ಈಗ ಇವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಬೇರೆಯಾಗಿವೆ) ನೀರಾವರಿಯ ಎಲ್ಲ ಬಗೆಗಳೂ ಸಿಗುತ್ತವೆ. ಬೋರು ನಂಬಿದ ಲಿಂಬೆ ತೋಟ, ಭೀಮೆಯ ದಡದ ಕಬ್ಬು, ಕೆನಾಲಿನ ತೊಗರಿ, ಡ್ರಿಪ್ಪಿನ ದ್ರಾಕ್ಷಿ, ಮಳೆಯೊಂದನ್ನೇ ನೆಚ್ಚಿದ ಹಿಂಗಾರಿ ಬಿಳಿಜೋಳ. ಹವಾಮಾನದ ಅಂಕಿಅಂಶದಿಂದ ನೀರಾವರಿ ಸುಧಾರಿಸಬಹುದೇ ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರ ಸಿಗದಿರುವುದು ಇದರಿಂದಲೇ.

ನಕ್ಷತ್ರದಿಂದ ಮಾಪಕದವರೆಗೆ

ರೈತರ ಹಳೆಯ ಲೆಕ್ಕ ಮಳೆ ನಕ್ಷತ್ರಗಳದು. ರೋಹಿಣಿಯಿಂದ ಸ್ವಾತಿಯವರೆಗೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ, ಒಂದೊಂದಕ್ಕೂ ಒಂದು ಕೆಲಸ. ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವ ಈ ಸೀಮೆಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಮೋಡ, ಗಾಳಿ ಎರಡೂ ಜೋರು, ಮಳೆ ಕಡಿಮೆ. ಹೆಚ್ಚಿನ ಮಳೆ ಸೆಪ್ಟೆಂಬರಿನಲ್ಲಿ, ಹುಬ್ಬಾ, ಉತ್ತರಾ, ಹಸ್ತಗಳ ಹೊತ್ತಿಗೆ. ಆ ಮಳೆಯನ್ನು ಎರಿ ಭೂಮಿಯಲ್ಲಿ ಕೂಡಿಟ್ಟು ಚಳಿಗಾಲದಲ್ಲಿ ಜೋಳ ಬೆಳೆಯುವುದೇ ಇಲ್ಲಿನ ಮೂಲ ನೀರಾವರಿ ಎನ್ನಬಹುದು. ಡೋಣಿ ನದಿಯ ಸೀಮೆಯ ಬಗ್ಗೆ, ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಹಾಗೆ.

ಅಳತೆಯ ಕಾಲ ಬರದ ಜೊತೆಗೇ ಬಂತು. ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ; ಮರುವರ್ಷವೇ ದಖ್ಖನನ್ನು ಬರಿದುಮಾಡಿದ 1876–78ರ ಬರ ಶುರುವಾಯಿತು. ಮಳೆಯನ್ನು ಮುಂಚಿತವಾಗಿ ತಿಳಿಯುವ ಸರ್ಕಾರಿ ಆಸಕ್ತಿಗೆ ಆ ಬರವೇ ದೊಡ್ಡ ಕಾರಣ. 1932ರಲ್ಲಿ ಪುಣೆಯಲ್ಲಿ ಎಲ್.ಎ. ರಾಮದಾಸ್ ಅವರ ನೇತೃತ್ವದಲ್ಲಿ ಕೃಷಿ ಹವಾಮಾನ ವಿಭಾಗ ಆರಂಭವಾಯಿತು. ಅದರ ಮರುವರ್ಷ ಒಣಬೇಸಾಯದ ಸಂಶೋಧನೆಗೆ ಸೊಲ್ಲಾಪುರ, ಹಗರಿ, ರಾಯಚೂರು, ರೋಹ್ಟಕ್‌ಗಳ ಜೊತೆಗೆ ಬಿಜಾಪುರವನ್ನೂ ಆರಿಸಿಕೊಂಡರು. ಒಡ್ಡು ಹಾಕು, ಆಳ ಉಳು, ಎಡೆ ಹೊಡೆದು ಮೇಲ್ಮಣ್ಣು ಸಡಿಲ ಇಡು ಎಂಬ ಪಾಠ ಅಲ್ಲಿಂದ ಗಟ್ಟಿಯಾಯಿತು. ನೀರು ಹಾಯಿಸುವ ಮಾತೇ ಇರಲಿಲ್ಲ. ಬಿದ್ದ ಮಳೆ ಆವಿಯಾಗದಂತೆ ತಡೆಯುವುದೇ ಗುರಿ.

ನೀರು ಬಂದದ್ದು ಆಮೇಲೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್ 21ರಂದು. ನಡುವಿನ ನಾಲ್ಕು ದಶಕದಲ್ಲಿ ಕೊಳವೆಬಾವಿ ಜಿಲ್ಲೆಯನ್ನೆಲ್ಲ ಆವರಿಸಿತ್ತು.

ಮಳೆ ಅಳೆಯುವ ವ್ಯವಸ್ಥೆಯಲ್ಲಿ ಕರ್ನಾಟಕ ಮುಂದಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದ ಸಂಸ್ಥೆಯೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದು ದೂರಸಂವೇದಿ ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂಬ ಅದರ ಜಾಲ ದೇಶದಲ್ಲೇ ದಟ್ಟವಾದವುಗಳಲ್ಲಿ ಒಂದು. ಸರ್ಕಾರದ ಹವಾಮಾನ ಆಧಾರಿತ ಬೆಳೆ ವಿಮೆ ಯೋಜನೆಯನ್ನು ದೇಶದಲ್ಲಿ ಮೊದಲು ಪ್ರಯೋಗಕ್ಕೆ ತಂದದ್ದೂ ಇದೇ ರಾಜ್ಯದಲ್ಲಿ, 2007ರ ಮುಂಗಾರಿಗೆ. ಗಮನಿಸಿ: ಅಂಕಿ ಮೊದಲು ದುಡಿದದ್ದು ನಷ್ಟ ಅಳೆಯಲು. ನೀರು ಅಳೆಯುವ ಕೆಲಸಕ್ಕೆ ಅದನ್ನು ಹಚ್ಚಿದ್ದು ಕಡಿಮೆ.

ಆವಿಯ ಲೆಕ್ಕ ಹಾಕುವವರು

ಅಂಕಿಯಿಂದ ನೀರು ಅಳೆಯುವುದು ಹೇಗೆಂಬ ಚರ್ಚೆಯಲ್ಲಿ ಅತಿ ಗಟ್ಟಿಯಾದ ಶಾಸ್ತ್ರ ಇರುವುದು ಆವಿಯ ಲೆಕ್ಕ ಹಾಕುವ ಪಂಥದವರ ಬಳಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಹೋವರ್ಡ್ ಪೆನ್‌ಮನ್ 1948ರಲ್ಲಿ ಬಿಸಿಲು, ಉಷ್ಣತೆ, ಆರ್ದ್ರತೆ, ಗಾಳಿ ಈ ನಾಲ್ಕರಿಂದ ಆವಿಯ ಪ್ರಮಾಣ ಕಂಡುಹಿಡಿಯುವ ಸೂತ್ರ ಕೊಟ್ಟರು. 1965ರಲ್ಲಿ ಮಾಂಟೀತ್ ಅದನ್ನು ಎಲೆಯಿಂದ ಹೊರಹೋಗುವ ಆವಿಗೂ ಹೊಂದಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರ ತನ್ನ 56ನೇ ನೀರಾವರಿ ಕೈಪಿಡಿಯಲ್ಲಿ ಇದನ್ನೇ ಜಗತ್ತಿನ ಮಾನದಂಡವಾಗಿಸಿತು. ಮೊದಲು ಹವೆ ಎಷ್ಟು ನೀರು ಕೇಳುತ್ತದೆ ಎಂದು ನೋಡು, ಆಮೇಲೆ ಬೆಳೆಯ ಗುಣಾಂಕದಿಂದ ಗುಣಿಸು. ವಿಧಾನ ಇಷ್ಟೇ.

ಇದಕ್ಕೆ ಇನ್ನೂ ಅಗ್ಗದ ದಾರಿ ಆವಿ ತೊಟ್ಟಿ. ಹವಾಮಾನ ವೀಕ್ಷಣಾಲಯದ ಬೇಲಿಯೊಳಗೆ ಮರದ ಚೌಕಟ್ಟಿನ ಮೇಲೆ ಕೂತ, ನಾಲ್ಕಡಿ ಅಗಲ, ಹತ್ತಿಂಚು ಆಳದ ಲೋಹದ ತೊಟ್ಟಿ. ಕಾಗೆ, ನಾಯಿ ನೀರು ಕುಡಿಯದಿರಲೆಂದು ಮೇಲೆ ತಂತಿ ಬಲೆ. ಒಳಗಿನ ಗುರುತಿನ ಮೊನೆಯವರೆಗೆ ನೀರು ತುಂಬಿರುತ್ತದೆ. ಬೆಳಿಗ್ಗೆ ವೀಕ್ಷಕ ಬಂದು ನೀರು ಇಳಿದಿದ್ದರೆ ಅಳತೆಯ ಪಾತ್ರೆಯಿಂದ ಮತ್ತೆ ಮೊನೆ ಮುಟ್ಟುವವರೆಗೆ ಸುರಿಯುತ್ತಾನೆ. ಸುರಿದದ್ದೇ ಆ ದಿನದ ಆವಿ. ಮಳೆ ಬಂದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಬ್ಯಾಟರಿ ಬೇಡ, ಸಿಮ್ ಬೇಡ.

ಈ ಅಂಕಿ ಇಂಡಿಯ ಲಿಂಬೆ ಮರಕ್ಕೆ ಏನು ಹೇಳುತ್ತದೆ ನೋಡೋಣ. ಏಪ್ರಿಲ್‌ನ ಒಂದು ದಿನ ತೊಟ್ಟಿಯಿಂದ 10 ಮಿ.ಮೀ. ಆವಿಯಾಯಿತು ಎಂದುಕೊಳ್ಳಿ. ತೊಟ್ಟಿಯ ಲೋಹ ಕಾಯುವುದರಿಂದ ಅದು ಹೆಚ್ಚು ತೋರಿಸುತ್ತದೆ, 0.7ರಿಂದ ಗುಣಿಸಿದರೆ 7 ಮಿ.ಮೀ. ಲಿಂಬೆ ಜಾತಿಯ ಗುಣಾಂಕ 0.65 ಎಂದು ಹಿಡಿದರೆ 4.55. ಮರದ ನೆರಳು 16 ಚದರ ಮೀಟರ್ ಇದ್ದರೆ ದಿನಕ್ಕೆ ಸುಮಾರು 73 ಲೀಟರ್. ಗಂಟೆಗೆ 4 ಲೀಟರ್ ಬಿಡುವ ನಾಲ್ಕು ಡ್ರಿಪ್ಪರ್ ಇದ್ದರೆ ನಾಲ್ಕೂವರೆ ಗಂಟೆ. ಆಗಸ್ಟ್‌ನ ಮೋಡದ ದಿನ ತೊಟ್ಟಿ 5 ಮಿ.ಮೀ. ತೋರಿಸಿದರೆ ಅದೇ ಮರಕ್ಕೆ 36 ಲೀಟರ್ ಸಾಕು. ಎರಡೂ ಕಾಲದಲ್ಲಿ ಕರೆಂಟು ಇರುವಷ್ಟು ಹೊತ್ತು ಮೋಟಾರು ಓಡಿಸುವ ತೋಟ ಮೋಡದ ತಿಂಗಳಲ್ಲಿ ಅರ್ಧ ನೀರನ್ನು ಬೇರಿನ ಕೆಳಗೆ ಕಳೆಯುತ್ತಿರುತ್ತದೆ, ಅದರ ಜೊತೆಗೆ ಗೊಬ್ಬರವನ್ನೂ.

ಹಾಯಿ ನೀರಿಗೂ ಇದೇ ದಾರಿಯಿದೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದಲ್ಲಿ ಎಸ್.ಎಸ್. ಪ್ರಿಹಾರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಬೆಳೆಸಿದ ವಿಧಾನದಂತೆ ದಿನದಿನದ ಆವಿಯನ್ನು ಕೂಡಿಸುತ್ತಾ ಹೋಗಬೇಕು. ಒಮ್ಮೆ ಹಾಯಿಸುವ ನೀರಿಗೂ ಕೂಡಿದ ಆವಿಗೂ ಗೊತ್ತಾದ ಅನುಪಾತ ಬಂದಾಗ ನೀರು ಬಿಡಬೇಕು. 60 ಮಿ.ಮೀ. ನೀರು, 0.8 ಅನುಪಾತ ಎಂದರೆ ಒಟ್ಟು ಆವಿ 75 ಮಿ.ಮೀ. ಮುಟ್ಟಿದ ದಿನ. ಬೇಸಿಗೆಯಲ್ಲಿ ಅದು ವಾರಕ್ಕೊಮ್ಮೆ ಬಂದರೆ ಚಳಿಗಾಲದಲ್ಲಿ ಹದಿನೈದು ದಿನಕ್ಕೆ ಬರುತ್ತದೆ.

ದ್ರಾಕ್ಷಿಯವರು ಇದನ್ನು ಹೆಚ್ಚು ನೆಚ್ಚಿದ್ದಾರೆ. ಪುಣೆ ಬಳಿಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ತನ್ನ ಸಲಹೆಯಲ್ಲಿ ನಾಸಿಕ, ಸಾಂಗ್ಲಿ, ಸೊಲ್ಲಾಪುರಗಳ ಜೊತೆ ವಿಜಯಪುರವನ್ನೂ ಸೇರಿಸಿಕೊಳ್ಳುತ್ತದೆ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವಿಕೆ) ಆದ ಮೇಲೆ ಚಿಗುರು ಬೆಳೆಯುವಾಗ ಹೆಚ್ಚು ನೀರು, ಕಣ್ಣಿನಲ್ಲಿ ಗೊನೆ ಕಟ್ಟುವ ಹಂತದಲ್ಲಿ ಅದನ್ನು ತೀರ ಇಳಿಸಿ ಎನ್ನುತ್ತದೆ. ಅದರ ಸಲಹೆ ದಿನಕ್ಕಿಷ್ಟು ಲೀಟರ್ ಎಂದಿರುವುದಿಲ್ಲ, ಒಂದು ಮಿಲಿಮೀಟರ್ ಆವಿಗೆ ಹೆಕ್ಟೇರಿಗಿಷ್ಟು ಲೀಟರ್ ಎಂದಿರುತ್ತದೆ. ಅಂದರೆ ಓದುವ ರೈತನಿಗೆ ತನ್ನೂರಿನ ಆವಿ ಗೊತ್ತಿರಬೇಕು. ಮಳೆ ತಿಳಿಸುವ ಮೊಬೈಲ್ ಸಂದೇಶ ಇದನ್ನು ತಿಳಿಸುವುದಿಲ್ಲ.

ಈ ಪಂಥದ ದೌರ್ಬಲ್ಯ ಗುಣಾಂಕದಲ್ಲಿದೆ. ಕೈಪಿಡಿಯ ಗುಣಾಂಕಗಳು ನೀರಿಗೆ ಬರವಿಲ್ಲದ, ಚೆನ್ನಾಗಿ ಸಾಕಿದ ಬೆಳೆಯವು. ಲಿಂಬೆಗೆ ಬೇಕಾದದ್ದು ಕೆಲವೊಮ್ಮೆ ಅದರ ತದ್ವಿರುದ್ಧ. ಬೇಸಿಗೆಯ ಒಳ್ಳೆಯ ದರ ಸಿಗಬೇಕೆಂದರೆ ಹಸ್ತ ಬಹಾರ ಹಿಡಿಯಬೇಕು. ಅದಕ್ಕೆ ಮರವನ್ನು ಕೆಲವು ವಾರ ಬಾಯಾರಿಸಿ ಆಮೇಲೆ ನೀರು ಕೊಟ್ಟು ಹೂ ತರಿಸಬೇಕು. ಆ ಬಾಯಾರಿಕೆ ಬೀಳುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ಸರಿಯಾಗಿ ಮಳೆಯ ಹೊತ್ತಿಗೆ. ಮಡ್ಡಿ ಭೂಮಿ ಬೇಗ ಒಣಗುತ್ತದೆ, ಎರಿ ಭೂಮಿ ಒಣಗುವುದೇ ಇಲ್ಲ. ಇಲ್ಲಿ ರೈತನಿಗೆ ಬೇಕಾದದ್ದು ಎಷ್ಟು ನೀರು ಕೊಡಲಿ ಎಂಬ ಲೆಕ್ಕ ಅಲ್ಲ, ಮುಂದಿನ ಹದಿನೈದು ದಿನ ಮಳೆ ಬಾರದಿರುತ್ತದೆಯೇ ಎಂಬ ಭರವಸೆ. ಭೌಗೋಳಿಕ ಗುರುತು ಪಡೆದು ಹೊರದೇಶಕ್ಕೆ ಹೋಗುವ ಇಂಡಿ ಲಿಂಬೆಯ ಅದೃಷ್ಟ ಇಂಥ ಕಡೆ ಸೂತ್ರದಿಂದ ಆಚೆಗಿದೆ.

ಮಣ್ಣನ್ನೇ ಕೇಳಿ ಎನ್ನುವವರು

ಆಕಾಶ ನೋಡಿ ಲೆಕ್ಕ ಹಾಕುವುದೇಕೆ, ಬೇರಿನ ಬಳಿ ಹಸಿ ಎಷ್ಟಿದೆ ಎಂದು ನೇರವಾಗಿ ನೋಡಿ ಎನ್ನುತ್ತದೆ ಎರಡನೆಯ ಪಂಥ. ಗುದ್ದಲಿಯಿಂದ ಒಂದಡಿ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಉಂಡೆ ಕಟ್ಟುತ್ತದೆಯೇ ಎಂದು ನೋಡುವ ಹಿರಿಯರೂ, ದ್ರಾಕ್ಷಿ ಬಳ್ಳಿಯ ಬುಡಕ್ಕೆ ಸೆನ್ಸರ್ ಹೂತು ಫೋನಿನಲ್ಲಿ ಗೆರೆ ನೋಡುವ ಹುಡುಗರೂ ಇದೇ ಪಂಥದವರು. ಫಸಲ್‌ನಂಥ ಬೆಂಗಳೂರಿನ ಕಂಪನಿಗಳು ಹವಾಮಾನ ಮಾಪಕ, ಮಣ್ಣಿನ ಸೆನ್ಸರ್ ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿ ಮಾರುತ್ತಿವೆ.

ಮಣ್ಣಿನ ಮಾತಿಗೆ ಬಲವಿದೆ. ಒಂದು ಮೀಟರ್ ಆಳದ ಎರಿ ಮಣ್ಣು ಬೆಳೆಗೆ ಸಿಗುವ ನೀರನ್ನು 150ರಿಂದ 200 ಮಿ.ಮೀ. ವರೆಗೆ ಹಿಡಿದಿಡಬಲ್ಲದು, ಪಕ್ಕದ ಮಡ್ಡಿ ಅದರ ಒಂದು ಪಾಲನ್ನಷ್ಟೇ ಹಿಡಿಯುತ್ತದೆ. ಒಂದೇ ಪಂಚಾಯಿತಿಯ ಒಂದೇ ಅಂಕಿ ಇವೆರಡಕ್ಕೂ ಒಂದೇ ಸಲಹೆ ಕೊಟ್ಟರೆ ಒಂದು ಹೊಲ ಕೆಡುತ್ತದೆ. ಆದರೆ ಎರಿ ಮಣ್ಣು ಸೆನ್ಸರಿನ ಶತ್ರುವೂ ಹೌದು. ಒಣಗಿದಾಗ ಕೈ ಇಳಿಯುವಷ್ಟು ಬಿರುಕು ಬಿಟ್ಟು ಉಪಕರಣದಿಂದ ದೂರ ಸರಿಯುತ್ತದೆ, ಹಸಿ ಅಳೆಯುವ ಟೆನ್ಷಿಯೋಮೀಟರ್ ಗಾಳಿ ಎಳೆದುಕೊಂಡು ಸುಳ್ಳು ಹೇಳತೊಡಗುತ್ತದೆ. ಜೇಡಿ ಹೆಚ್ಚಿರುವ, ಸವಳು ಹಿಡಿದ ನೆಲದಲ್ಲಿ ವಿದ್ಯುತ್ ಸೆನ್ಸರುಗಳನ್ನು ಆ ಮಣ್ಣಿಗೇ ಹೊಂದಿಸಿಕೊಳ್ಳದೆ ನಂಬುವಂತಿಲ್ಲ. ಎಕರೆಗೆ ಲಕ್ಷಗಟ್ಟಲೆ ಸುರಿಯುವ ದ್ರಾಕ್ಷಿಗೆ ಈ ಖರ್ಚು ಹೊರೆಯಲ್ಲ. ಸಿಂದಗಿಯ ತೊಗರಿಗೆ ಹೊರೆಯೇ.

ಐದು ದಿನದ ಮುನ್ಸೂಚನೆ

ಹವಾಮಾನ ಇಲಾಖೆ 1945ರಲ್ಲೇ ರೈತರಿಗಾಗಿ ಬುಲೆಟಿನ್ ಆರಂಭಿಸಿತ್ತು. ಇಂದು ಗ್ರಾಮೀಣ ಕೃಷಿ ಮೌಸಮ್ ಸೇವೆಯಡಿ ಮಂಗಳವಾರ, ಶುಕ್ರವಾರ ಐದು ದಿನದ ಮುನ್ಸೂಚನೆಯೊಂದಿಗೆ ಸಲಹೆ ಹೊರಡುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜಯಪುರ ಘಟಕ ಅದನ್ನು ಸಿದ್ಧಪಡಿಸುತ್ತದೆ. 2019ರಲ್ಲಿ ಮೇಘದೂತ ಆ್ಯಪ್ ಬಂತು. ವರುಣ ಮಿತ್ರ ಸಹಾಯವಾಣಿ ಕನ್ನಡದಲ್ಲೇ ಉತ್ತರ ಕೊಡುತ್ತದೆ. 2025ರ ಮೇ ತಿಂಗಳಲ್ಲಿ ಆರು ಕಿಲೋಮೀಟರ್ ಚೌಕದ ಭಾರತ್ ಮುನ್ಸೂಚನಾ ವ್ಯವಸ್ಥೆ ಜಾರಿಯಾಯಿತು; ಮೊದಲು ಅದು ಹನ್ನೆರಡು ಕಿ.ಮೀ. ಇತ್ತು.

ಇದರ ಲಾಭ ಸರಳ: ನಾಳೆ ಮಳೆ ಎಂದಾದರೆ ಇಂದು ಮೋಟಾರು ಹಾಕಬೇಡ. ತೊಡಕೂ ಅಷ್ಟೇ ಸರಳ. ಸೆಪ್ಟೆಂಬರಿನ ಗುಡುಗಿನ ಮಳೆ ಊರಿನ ಒಂದು ಮಗ್ಗುಲಿಗೆ ಬಿದ್ದು ಇನ್ನೊಂದನ್ನು ಬಿಟ್ಟು ಹೋಗುತ್ತದೆ, ಆರು ಕಿ.ಮೀ. ಚೌಕವೂ ಅದಕ್ಕೆ ದೊಡ್ಡದೇ. ಮುನ್ಸೂಚನೆ ನಂಬಿ ನೀರು ಬಿಡದ ರೈತನ ನಷ್ಟ, ನಂಬದೆ ಹೆಚ್ಚು ಬಿಟ್ಟವನ ನಷ್ಟಕ್ಕಿಂತ ಕಣ್ಣಿಗೆ ಬೇಗ ಕಾಣುತ್ತದೆ. ಬಸವನ ಬಾಗೇವಾಡಿ, ಕೊಲ್ಹಾರ ಕಡೆಯ ಉಳ್ಳಾಗಡ್ಡಿಯವನು ಗಡ್ಡೆ ಊದುವ ಹೊತ್ತಿನಲ್ಲಿ ಅಂಥ ಜೂಜಿಗೆ ಇಳಿಯುವುದಿಲ್ಲ. ಅವನದು ಅಜ್ಞಾನವಲ್ಲ, ಲೆಕ್ಕಾಚಾರ. ಈ ನಡುವೆ, ವಿಜಯಪುರದಂಥ ವಲಯ ಘಟಕಗಳು ಉಳಿದರೂ, 2024ರಲ್ಲಿ ದೇಶದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ಮುಚ್ಚಲಾಯಿತು. ಮಾಹಿತಿಯ ಚೌಕ ಚಿಕ್ಕದಾಗುತ್ತಿರುವಾಗ ಅದನ್ನು ಬಿಡಿಸಿ ಹೇಳುವವರನ್ನು ಕಡಿಮೆ ಮಾಡಿದ್ದು ನನಗಂತೂ ಅರ್ಥವಾಗದ ತೀರ್ಮಾನ.

ಕರೆಂಟು, ಕೆನಾಲು, ಪಾಳಿ

ನಾಲ್ಕನೆಯ ವಾದ ಹೇಳುವವರು ಹೆಚ್ಚಾಗಿ ನೀರಾವರಿ ಎಂಜಿನಿಯರುಗಳು, ರೈತ ಸಂಘದವರು. ಇವರ ಪ್ರಶ್ನೆ: ಯಾವಾಗ ನೀರು ಬಿಡಬೇಕೆಂದು ರೈತನಿಗೆ ಗೊತ್ತಾದರೂ ಬಿಡಲು ನೀರು ಅವನ ಕೈಯಲ್ಲಿದೆಯೇ? ನನ್ನ ಮಟ್ಟಿಗೆ ಇಡೀ ಚರ್ಚೆಯ ಗಂಟು ಇಲ್ಲಿದೆ.

ಬೋರಿನವನ ಸಮಯ ನಿರ್ಧರಿಸುವುದು ವಿದ್ಯುತ್ ಕಂಪನಿ ಹೆಸ್ಕಾಂ. ಏಳು ಗಂಟೆ ತ್ರೀ ಫೇಸ್ ಎಂದರೆ ಅದು ಹಗಲು ಒಂದು ಪಾಳಿ, ರಾತ್ರಿ ಒಂದು ಪಾಳಿ. ಹತ್ತು ಅಶ್ವಶಕ್ತಿವರೆಗಿನ ಪಂಪಿಗೆ 2008ರಿಂದ ವಿದ್ಯುತ್ ಉಚಿತ. ಹೀಗಾಗಿ ಕರೆಂಟು ಬಂದ ಕೂಡಲೇ ತಾನೇ ಶುರುವಾಗುವ ಸ್ಟಾರ್ಟರ್ ಹಾಕಿ ಮಲಗುವುದು ರೂಢಿ. ನಾಲ್ಕೂವರೆ ಗಂಟೆ ಸಾಕೆಂದು ಆವಿ ತೊಟ್ಟಿ ಹೇಳಿದರೂ, ನಾಳೆ ಕರೆಂಟು ಬರುತ್ತದೋ ಇಲ್ಲವೋ ಎಂಬ ಅಂಜಿಕೆ ಏಳು ಗಂಟೆ ಓಡಿಸುತ್ತದೆ.

ಕೆನಾಲಿನ ಕಥೆ ಇನ್ನೂ ದೂರದಲ್ಲಿ ಶುರುವಾಗುತ್ತದೆ. ಮುದ್ದೇಬಿಹಾಳದ ಆಲಮಟ್ಟಿ ಎಡದಂಡೆ, ಬಾಗೇವಾಡಿಯ ಮುಳವಾಡ ಏತ ನೀರಾವರಿ, ನಾರಾಯಣಪುರ ಎಡದಂಡೆಯಿಂದ ಕವಲೊಡೆದು ಸಿಂದಗಿ, ಇಂಡಿ ಕಡೆ ಹೋಗುವ ಇಂಡಿ ಶಾಖಾ ಕಾಲುವೆ, ಇವೆಲ್ಲಕ್ಕೂ ನೀರು ಎಷ್ಟು ದಿನ ಚಾಲೂ, ಎಷ್ಟು ದಿನ ಬಂದ್ ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ, ಜನರ ಬಾಯಲ್ಲಿ ಐಸಿಸಿ ಸಭೆ. ಅಲ್ಲಿ ಮುಂದಿಡುವ ಮುಖ್ಯ ಅಂಕಿ ಜಲಾಶಯದ ಮಟ್ಟ. ಆ ಮಟ್ಟ ನಿಂತಿರುವುದು ಮಹಾಬಳೇಶ್ವರ, ಕೊಯ್ನಾ ಕಡೆಯ ಮಳೆಯ ಮೇಲೆ. ಭೀಮೆಯ ದಂಡೆಯವರದೂ ಅದೇ ಸ್ಥಿತಿ; ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟರೆ ನೀರು, ಹೆಚ್ಚು ಬಿಟ್ಟರೆ 2020ರ ಅಕ್ಟೋಬರಿನಂಥ ಮಹಾಪೂರ. ತನ್ನ ಹೊಲದ ಮೇಲಿನ ಆಕಾಶಕ್ಕಿಂತ ಪುಣೆ, ಸಾತಾರಾ ಮೇಲಿನ ಆಕಾಶ ಇಲ್ಲಿನ ರೈತನಿಗೆ ಮುಖ್ಯ.

ಪಾಳಿ ನಿಗದಿಯಾಗಿರುವಾಗ ಸಿಕ್ಕಾಗ ತುಂಬಿಕೊಳ್ಳುವುದೇ ಜಾಣತನ. ಮೇಲ್ಭಾಗದವರು ತುಂಬಿಕೊಂಡರೆ ಕೊನೆಯಂಚಿನವರಿಗೆ ಬರುವುದಿಲ್ಲ. ತುಂಬಿಕೊಂಡ ಎರಿ ಹೊಲ ಕೆಲವು ವರ್ಷದಲ್ಲಿ ಸವಳು ಜವಳಾಗುತ್ತದೆ. ಕೃಷ್ಣಾ ಮೇಲ್ದಂಡೆಯನ್ನು ಯೋಜಿಸಿದ್ದು ಲಘು ನೀರಾವರಿ ಬೆಳೆಗಳಿಗೆ. ಕಾಲುವೆಯ ಬಾಯಲ್ಲಿ ಕಬ್ಬು, ಭತ್ತ ನಿಂತಿವೆ. 2023ರ ಜನವರಿ 19ರಂದು ಪ್ರಧಾನಿ ಉದ್ಘಾಟಿಸಿದ ನಾರಾಯಣಪುರ ಎಡದಂಡೆ ಆಧುನೀಕರಣ ಯೋಜನೆಯ ವೆಚ್ಚ ಸುಮಾರು 4,700 ಕೋಟಿ ರೂಪಾಯಿ. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಕಾಲುವೆ ಬಲವಾದರೆ ಹವಾಮಾನಕ್ಕೆ ತಕ್ಕಂತೆ ನೀರು ಬಿಡುವುದು ಯಂತ್ರದ ಮಟ್ಟಿಗೆ ಸಾಧ್ಯ. ಪಾಳಿಯನ್ನು ಬರೆಯುವವರು ಆ ಅಂಕಿ ಕೇಳಬೇಕಷ್ಟೇ.

ಕೃಷ್ಣೆಯ ಆಚೆ ದಡದಲ್ಲಿ, ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ ಇನ್ನೊಂದು ಪ್ರಯೋಗ ನಡೆದಿದೆ. ನಾರಾಯಣಪುರ ಹಿನ್ನೀರನ್ನು ಎತ್ತಿ 24,000 ಹೆಕ್ಟೇರಿಗೆ ಕೊಳವೆಯಲ್ಲಿ ಒಯ್ದು ನೇರ ಡ್ರಿಪ್ ಮಾಡುವ ಯೋಜನೆ ಅದು. ಜೈನ್ ಇರಿಗೇಷನ್, ನೆಟಾಫಿಮ್ ಎರಡು ಭಾಗ ಹಂಚಿಕೊಂಡವು. ಅಲ್ಲಿಯೂ ಕವಾಟ ತೆರೆಯುವುದು ಒಬ್ಬ ರೈತನ ಇಷ್ಟದಂತಲ್ಲ, ಗುಂಪಿನ ಪಾಳಿಯಂತೆ.

ಇದಕ್ಕೆ ಪ್ರತಿಯಾಗಿ ಕೃಷಿ ಹೊಂಡ ನಿಲ್ಲುತ್ತದೆ. 2014ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಹೊಂಡ ಎಷ್ಟೇ ಚಿಕ್ಕದಿರಲಿ, ಅದರ ನೀರು ಆ ರೈತನದು. ಜೋಳ ಹೊಡೆ ಹಾಯುವ ಹೊತ್ತಿಗೆ ಅಥವಾ ತೊಗರಿ ಹೂವಾಡುವಾಗ ಒಂದೇ ಒಂದು ನೀರು ಕೊಡಬಲ್ಲವನಿಗೆ ಐದು ದಿನದ ಮುನ್ಸೂಚನೆ ಬಂಗಾರ. ಕೆನಾಲಿನ ಕೊನೆಯಲ್ಲಿ ಕಾದು ಕೂತವನಿಗೆ ಅದು ಬರೀ ಸುದ್ದಿ.

ಉಳಿಸಿದ ನೀರು ಎಲ್ಲಿಗೆ ಹೋಯಿತು?

ಕೊನೆಯ ಪಂಥದವರು ಸಂದೇಹವಾದಿಗಳು. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಗ್ರಾಫ್ಟನ್ ಮತ್ತಿತರರು ನೀರಾವರಿ ದಕ್ಷತೆಯ ವಿರೋಧಾಭಾಸವನ್ನು ಎತ್ತಿ ತೋರಿಸಿದರು. ಅದರ ಹಿಂದಿನ ವರ್ಷ ಪೆರಿ ಮತ್ತು ಸ್ಟೆಡುಟೊ ವಿಶ್ವಸಂಸ್ಥೆಯ ಕೃಷಿ ಸಂಸ್ಥೆಗೆ ಬರೆದ ವರದಿಯೂ ಅದೇ ಎಚ್ಚರಿಕೆ ಕೊಟ್ಟಿತ್ತು. ಡ್ರಿಪ್ಪಿನಿಂದ ಒಂದು ಎಕರೆಯಲ್ಲಿ ಉಳಿದ ನೀರು ನದಿಗೋ ಅಂತರ್ಜಲಕ್ಕೋ ಮರಳುವುದಿಲ್ಲ, ಪಕ್ಕದ ಎರಡನೆಯ ಎಕರೆಗೆ ಹೋಗುತ್ತದೆ. ಬೇರಿನ ಕೆಳಗೆ ಇಳಿದು ಬಾವಿ ತುಂಬುತ್ತಿದ್ದ ನೀರೂ ನಿಲ್ಲುತ್ತದೆ.

ಒಣಬೇಸಾಯದ ಎಕರೆಗಳು ನೀರಿಗಾಗಿ ಬಾಯಿ ತೆರೆದಿರುವ ಇಂಡಿಯಲ್ಲಿ ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಇದು ರೈತನ ಲಾಭವನ್ನು ಅಲ್ಲಗಳೆಯುವುದಿಲ್ಲ. ಅದೇ ನೀರಿನಲ್ಲಿ ಎರಡು ಎಕರೆ ಬೆಳೆದರೆ ಮನೆಗೆ ಒಳ್ಳೆಯದೇ. ದಕ್ಷತೆ ಹೆಚ್ಚಿತು ಎನ್ನುವುದು ಒಂದು, ನೀರು ಉಳಿಯಿತು ಎನ್ನುವುದು ಇನ್ನೊಂದು. ಸರ್ಕಾರಿ ಪ್ರಕಟಣೆಗಳು ಮೊದಲನೆಯದನ್ನು ಸಾಧಿಸಿ ಎರಡನೆಯದರ ಹೆಸರು ಹೇಳುತ್ತವೆ.

ಇತ್ಯರ್ಥವಾಗದ್ದು

ಎರಿ ಭೂಮಿಯ ಲಿಂಬೆಗೆ, ಬಾಯಾರಿಸುವ ಕಾಲವನ್ನೂ ಸೇರಿಸಿ, ಯಾವ ಗುಣಾಂಕ ಸರಿ ಎಂಬುದರಲ್ಲಿ ಒಮ್ಮತವಿಲ್ಲ. ಪಂಚಾಯಿತಿಗೊಂದು ಮಾಪಕ ನೀರಾವರಿ ಸಲಹೆಗೆ ಸಾಕೇ, ಅಥವಾ ಮಣ್ಣಿನ ನಕ್ಷೆಯ ಜೊತೆ ಜೋಡಿಸದಿದ್ದರೆ ಅದು ವಿಮೆಗಷ್ಟೇ ಸಾಕೇ ಎಂಬುದೂ ತೆರೆದ ಪ್ರಶ್ನೆ. ಕ್ಯಾಲಿಫೋರ್ನಿಯಾ 1982ರಿಂದ ಸಾರ್ವಜನಿಕ ಹವಾಮಾನ ಕೇಂದ್ರಗಳ ಜಾಲ ಕಟ್ಟಿ ದಿನದ ಆವಿಯನ್ನೇ ರೈತರಿಗೆ ತಿಳಿಸುತ್ತ ಬಂದಿದೆ. ಅಲ್ಲಿ ಬಹುತೇಕ ಬೆಳೆಗಾರ ನೀರಿಗೆ ಹಣ ಕೊಡುತ್ತಾನೆ. ಉಚಿತ ವಿದ್ಯುತ್ತಿನ ನಾಡಿನಲ್ಲಿ ಅದೇ ಫಲ ಸಿಗುತ್ತದೆಯೇ ಎಂಬುದಕ್ಕೆ ಉತ್ತರವಿಲ್ಲ. ಆಲಮಟ್ಟಿಯನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲೇ ಒಪ್ಪಿದ್ದರೂ ನೆರೆ ರಾಜ್ಯಗಳ ತಕರಾರಿನಲ್ಲಿ ಅದು ವರ್ಷಗಟ್ಟಲೆ ಸಿಕ್ಕಿಕೊಂಡಿದೆ. ಆ ನೀರು ಬಂದ ದಿನ ಹೊಸ ಅಚ್ಚುಕಟ್ಟಿಗೆ ಪಾಳಿ ಬರೆಯುವವರು ಯಾವ ಲೆಕ್ಕ ಹಿಡಿಯುತ್ತಾರೆ ಎಂಬುದೂ ತೀರ್ಮಾನವಾಗಿಲ್ಲ.

ಅಷ್ಟು ದಿನ ಕಾಯಬೇಕಿಲ್ಲದ ಕೆಲಸಗಳೂ ಇವೆ. ಹೋಬಳಿ ಕೇಂದ್ರಗಳಲ್ಲಿ ಉಷ್ಣತೆ, ಆರ್ದ್ರತೆ, ಗಾಳಿ ಈಗಾಗಲೇ ದಾಖಲಾಗುತ್ತಿವೆ. ಬಿಸಿಲನ್ನು ಅಂದಾಜಿಸಿಕೊಂಡರೆ ಅವುಗಳಿಂದ ದಿನದ ಆವಿ ಲೆಕ್ಕ ಹಾಕಲು ಹೊಸ ಯಂತ್ರ ಬೇಕಿಲ್ಲ. ಮಳೆಯ ಸಂದೇಶದ ಕೆಳಗೆ ಆ ಒಂದು ಸಾಲು ಕನ್ನಡದಲ್ಲಿ ಸೇರಲಿ. ಮುಂದಿನ ಐಸಿಸಿ ಸಭೆಯಲ್ಲಿ ಜಲಾಶಯದ ಮಟ್ಟದ ಜೊತೆಗೆ ಅಚ್ಚುಕಟ್ಟಿನ ಹದಿನೈದು ದಿನದ ಆವಿಯನ್ನೂ ಓದಲಿ, ಪಾಳಿಯ ದಿನಗಳನ್ನು ಅದನ್ನು ಕೇಳಿದ ಮೇಲೆ ಬರೆಯಲಿ.